ಏಳನೇ ಕುಳಿಗೆ ಒಂದು ಸಹಿ

ಟೀಚರು: ಇಷ್ಟೇನಾ?

ಡಾಕ್ಟರು: ಇಷ್ಟೇನಾ ಅಂದ್ರೆ?

ಟೀಚರು: ಹನ್ನೊಂದು ವರ್ಷದಿಂದ ಮನೆಗೆ ಬಂದವರಿಗೆಲ್ಲ ವರ್ಣಿಸಿದ ಆ ಪಾತಾಳ ಇದೇನಾ ಅಂತ. ನೀವು ಹೇಳೋ ವೈಖರಿ ಕೇಳಿ, ಕೆಳಗಡೆ ಮೋಡ ತೇಲ್ತಿರುತ್ತೆ ಅಂದ್ಕೊಂಡಿದ್ದೆ.

ಡಾಕ್ಟರು: ಅಲ್ಲಿ ನಿಂತು ಮಾತಾಡ್ಬೇಡ. ಅಂಚಿಗೆ ಬಂದು ಬಗ್ಗಿ ನೋಡು.

ಟೀಚರು ಅಂಚಿಗೆ ಬಂದು ಬಗ್ಗಿದರು. ಮರುಕ್ಷಣ ಗಂಡನ ಅಂಗಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಗುಡ್ಡ ಕಾಲ ಬುಡದಲ್ಲೇ ಮುರಿದುಬಿದ್ದಂತಿತ್ತು. ಎಂಬತ್ತು ಅಡಿ ಕೆಳಗೆ ಅಂಗೈಯಷ್ಟು ಹಸಿರು, ಅದರ ನಡುವೆ ಬೆಂಕಿಕಡ್ಡಿಯಂಥ ಬಾವುಟದ ಕಂಬ. ಕಂಬದ ಬುಡದಲ್ಲಿ ಇರುವುದೇ ಗಾಲ್ಫ್ ಮೈದಾನದ ಏಳನೇ ಕುಳಿ. ಮೇಲಿನಿಂದ ಹೊಡೆದ ಚೆಂಡು ಮೂರು ಏಟಿನೊಳಗೆ ಆ ಕುಳಿಗೆ ಬಿದ್ದರೆ ಒಳ್ಳೆಯ ಆಟ. ಒಂದೇ ಏಟಿಗೆ ಬಿದ್ದರೆ ಆಜನ್ಮ ಹೇಳಿಕೊಂಡು ತಿರುಗಬಹುದು. ಹಲ್ಲಿನ ಡಾಕ್ಟರು ತಿರುಗುತ್ತಲೇ ಇದ್ದರು.

ಡಾಕ್ಟರು: ಈಗ ಹೇಳು.

ಟೀಚರು: ತೋಳು ಬಿಟ್ಟ ಮೇಲೆ ಹೇಳ್ತೀನಿ.

ಡಾಕ್ಟರು: ನಾನೆಲ್ಲಿ ಹಿಡಿದಿದ್ದೀನಿ? ಹಿಡಿದಿರೋದು ನೀನು.

ಟೀಚರು: (ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು) ಆಳ ಇದೆ, ಒಪ್ಪಿಕೊಂಡೆ. ಆದ್ರೆ ನಿಮ್ಮ ಕೈಚಳಕ ಎಲ್ಲಿ ಬಂತು? ಇಳಿಜಾರು ಅಂದ್ಮೇಲೆ ಚೆಂಡು ತಾನಾಗೇ ಉರುಳಿಕೊಂಡು ಹೋಗುತ್ತೆ.

ಡಾಕ್ಟರು: ಉರುಳೋದಲ್ಲ, ಹಾರೋದು! ಕೆಳಗೆ ಬೀಳೋ ತನಕ ಗಾಳಿ ಅದನ್ನ ಹೇಗೆ ಬೇಕೋ ಹಾಗೆ ತಿರುಗಿಸುತ್ತೆ. ಸ್ವಲ್ಪ ಜೋರಾದ್ರೆ ಹಿಂದಿನ ಕೊಳ. ಸ್ವಲ್ಪ ಮೆತ್ತಗಾದ್ರೆ ಮುಂದಿನ ಮರಳುಗುಂಡಿ. ಎಡಕ್ಕೆ ಹೋದ್ರೆ ಕಲ್ಲುಬಂಡೆ, ಬಲಕ್ಕೆ ಹೋದ್ರೆ ಪಂಪ್‌ಶೆಡ್ಡು.

ಟೀಚರು: ನಾಲ್ಕೂ ಕಡೆ ಹೋಗಿ ಬಂದವರ ಹಾಗೆ ಹೇಳ್ತೀರಿ.

ಡಾಕ್ಟರು: ಇಪ್ಪತ್ತು ವರ್ಷ ಆಡಿದ್ದೀನಿ ಕಣೆ.

ಟೀಚರು: ಅದೇ ಅಂದೆ. ಅದಿರಲಿ, ಈ ಕಲ್ಲಿನ ಮೇಲೆ ನೂರ ಮೂವತ್ತೆಂಟು ಗಜ ಅಂತ ಕೆತ್ತಿದೆ. ಹೋದ ತಿಂಗಳು ನನ್ನ ತಂಗಿ ಎದುರಿಗೆ ನೂರ ಎಪ್ಪತ್ತು ಅಂದ್ರಿ.

ಡಾಕ್ಟರು: ಕಲ್ಲಿನ ಮೇಲಿರೋದು ನೇರ ಅಳತೆ. ಇಳಿಜಾರು ಹಿಡಿದು ಅಳೆದ್ರೆ ಜಾಸ್ತಿ ಬರುತ್ತೆ.

ಟೀಚರು: ಮೂವತ್ತೈದು ವರ್ಷ ಲೆಕ್ಕದ ಪಾಠ ಮಾಡಿದವಳ ಹತ್ರ ತ್ರಿಕೋನದ ಕಥೆ ಹೇಳ್ಬೇಡಿ. ಎಂಬತ್ತು ಅಡಿ ಇಳಿಜಾರಿಗೆ ಎರಡೂವರೆ ಗಜ ಜಾಸ್ತಿ ಆಗುತ್ತೆ. ಮಿಕ್ಕ ಇಪ್ಪತ್ತೊಂಬತ್ತೂವರೆ ಗಜ ನೀವೇ ಬೆಳೆಸಿದ್ದು.

ಡಾಕ್ಟರು ಚೀಲದಿಂದ ಒಂದು ಚೆಂಡು ತೆಗೆದರು. ಅದರ ಮೇಲೆ ಕೆಂಪು ಚುಕ್ಕೆ. ತಮ್ಮ ಚೆಂಡು ಬೇರೆಯವರದರ ಜೊತೆ ಬೆರೆಯಬಾರದು ಅಂತ ಎಲ್ಲದಕ್ಕೂ ಅವರು ಹೀಗೆ ಚುಕ್ಕೆ ಇಡುತ್ತಿದ್ದರು.

ಡಾಕ್ಟರು: ನೋಡ್ತಾ ಇರು. ಆವತ್ತು ಹೊಡೆದ ಹಾಗೇ ಹೊಡೀತೀನಿ. ಅದೇ ಕೋಲು, ಒಂಬತ್ತನೇ ಐರನ್ನು.

ಟೀಚರು: ಅಂಗಿ ಮಾತ್ರ ಇಸ್ತ್ರಿ ಇಲ್ಲ.

ಡಾಕ್ಟರು: ಹೊಡೆಯೋವಾಗ ಮಾತಾಡ್ಬಾರದು.

ಟೀಚರು: ಬೇರೆ ಸಮಯದಲ್ಲಿ ನನ್ನ ಮಾತು ಕೇಳಿಸ್ಕೊಂಡಿದ್ದೀರಾ?

ಡಾಕ್ಟರು ಬೀಸಿ ಹೊಡೆದರು. ಎದುರಿಗೆ ಆಗತಾನೇ ಮೇಲೆದ್ದ ಬಿಸಿಲು. ಚೆಂಡು ಬೆಳಕಿನೊಳಗೆ ಹೋಗಿ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಪಂಪ್‌ಶೆಡ್ಡಿನ ಪಕ್ಕದ ಪೊದೆಯಿಂದ ಎರಡು ಹಕ್ಕಿ ಹಾರಿದವು.

ಟೀಚರು: ಕುಳಿಗೆ ಬಿದ್ದಾಗಲೂ ಹಕ್ಕಿ ಹಾರುತ್ತಾ?

ಡಾಕ್ಟರು: ಗಾಳಿ ಬಂತು.

ಟೀಚರು: ಒಂದು ಎಲೆ ಅಲ್ಲಾಡ್ಲಿಲ್ಲ.

ಡಾಕ್ಟರು: ಅದು ಮೇಲಿನ ಗಾಳಿ. ನಿನಗೆ ಕಾಣಲ್ಲ.

ಟೀಚರು: ನನಗೆ ಚೆಂಡೂ ಕಾಣಲಿಲ್ಲ. ಬಿಸಿಲು ಕಣ್ಣಿಗೇ ಹೊಡೀತಿದೆ. ಆವತ್ತು ನಿಮಗೆ ಹೇಗೆ ಕಂಡಿತು?

ಡಾಕ್ಟರು: ಕಾಣಲಿಲ್ಲ.

ಟೀಚರು: ಏನಂದ್ರಿ?

ಡಾಕ್ಟರು: ಬೀಳೋದು ಕಾಣಲಿಲ್ಲ. ಇಳಿದು ಹೋಗಿ ನೋಡಿದೆ, ಕುಳಿಯೊಳಗೆ ಕೂತಿತ್ತು. ಇಷ್ಟು ಸಾಲದಾ?

ಟೀಚರು: ವಕೀಲರಾದ್ರೂ ನೋಡಿದ್ರಾ?

ವಕೀಲರು ಅಂದರೆ ಡಾಕ್ಟರ ಹಳೇ ಸ್ನೇಹಿತ. ಆ ದಿನ ಜೊತೆಯಲ್ಲಿ ಆಡಿದವರು ಅವರೊಬ್ಬರೇ. ಈಗ ಕ್ಲಬ್ಬಿನವರು, ಏಳನೇ ಕುಳಿಗೆ ಒಂದೇ ಏಟಿನಲ್ಲಿ ಚೆಂಡು ಹಾಕಿದವರ ಹೆಸರನ್ನೆಲ್ಲ ಬರೆದು ಇಲ್ಲೇ ಒಂದು ಬೋರ್ಡು ನಿಲ್ಲಿಸುವವರಿದ್ದರು. ಹೆಸರು ಸೇರಬೇಕಾದರೆ ಒಂದು ಫಾರಂ ತುಂಬಿ, ಕಣ್ಣಾರೆ ಕಂಡವರ ಸಹಿ ಹಾಕಿಸಿ ಇವತ್ತು ಮಧ್ಯಾಹ್ನದೊಳಗೆ ಕೊಡಬೇಕು. ಫಾರಂ ಡಾಕ್ಟರ ಜೇಬಿನಲ್ಲಿತ್ತು. ಸಹಿ ಇರಲಿಲ್ಲ.

ಡಾಕ್ಟರು: ಅವನಿಗೂ ಬಿಸಿಲು ತಾನೇ. ಆದ್ರೂ ಸಹಿ ಹಾಕ್ತಾನೆ.

ಟೀಚರು: ಮೂರು ವಾರ ಆಯ್ತು, ಹಾಕಿಲ್ಲವಲ್ಲ.

ಡಾಕ್ಟರು: ವಕೀಲ ಕಣೆ. ಓದದೆ ಸಹಿ ಹಾಕೋ ಜಾತಿ ಅಲ್ಲ.

ಟೀಚರು: ಇರೋದು ನಾಲ್ಕು ಸಾಲು. ಮೂರು ವಾರದಿಂದ ಓದ್ತಿದ್ದಾರಾ?

ಡಾಕ್ಟರು: ಒಂದು ದಿನ ಕನ್ನಡಕ ಸಿಗಲಿಲ್ಲ ಅಂದ. ಇನ್ನೊಂದು ದಿನ ಪೆನ್ನು ಬರೀತಿಲ್ಲ ಅಂದ. ಅದಕ್ಕೇ ಈಗ ಮೇಸ್ತ್ರಿ ಹತ್ರ ಹಾಕಿಸೋಣ ಅಂತ. ಈ ಮೈದಾನದ ಹುಲ್ಲು ನೋಡಿಕೊಳ್ಳೋನು. ಆವತ್ತು ಕೆಳಗಡೆ, ಕುಳಿಯ ಪಕ್ಕದಲ್ಲೇ ಇದ್ದ.

ಟೀಚರು: ಸರಿ. ನನಗೊಂದು ಅರ್ಥ ಆಗಲಿಲ್ಲ. ಕುಳಿಯಲ್ಲಿದ್ದದ್ದು ನಿಮ್ಮದೇ ಚೆಂಡು ಅಂತ ಹೇಗೆ ಗೊತ್ತಾಯ್ತು?

ಡಾಕ್ಟರು: ಕೆಂಪು ಚುಕ್ಕೆ ಇತ್ತಲ್ಲ!

ಟೀಚರು: ವಕೀಲರ ಚೆಂಡಿಗೆ ಯಾವ ಚುಕ್ಕೆ?

ಡಾಕ್ಟರು: ಅವನು ಯಾವತ್ತು ಚೆಂಡು ತಂದಿದ್ದಾನೆ? ನಂದೇ ಒಂದು ಈಸ್ಕೊಂಡಿದ್ದ.

ಟೀಚರು: ಅಂದ್ರೆ ಅದಕ್ಕೂ ಕೆಂಪು ಚುಕ್ಕೆ.

ಡಾಕ್ಟರು: ಅದಕ್ಕೂ... ಇತ್ತು. ಆದ್ರೆ ಅವನದು ಪಂಪ್‌ಶೆಡ್ಡಿನ ತಗಡಿಗೆ ಬಡೀತು. ಠಣ್ ಅಂತ ನಾನೇ ಕೇಳಿದ್ದೀನಿ.

ಟೀಚರು: ಅವರು ಹೊಡೆದ ಮೇಲೆ ಕೇಳಿಸ್ತೋ, ನೀವು ಹೊಡೆದ ಮೇಲೆ ಕೇಳಿಸ್ತೋ?

ಡಾಕ್ಟರು: ಇಬ್ಬರೂ ಹೊಡೆದ ಮೇಲೆ. ಅವನಿಗೆ ಏನೋ ಅವಸರ ಇತ್ತು. ಒಟ್ಟಿಗೇ ಹೊಡೆದುಬಿಡೋಣ ಅಂದ. ಅವನು ಅಲ್ಲಿ, ನಾನು ಇಲ್ಲಿ. ಒಂದು, ಎರಡು, ಮೂರು, ಹೊಡೆದ್ವಿ.

ಟೀಚರು: ಹನ್ನೊಂದು ವರ್ಷದಲ್ಲಿ ನೂರು ಸಲ ಈ ಕಥೆ ಕೇಳಿದ್ದೀನಿ. ಒಟ್ಟಿಗೆ ಹೊಡೆದದ್ದು ಒಂದು ಸಲವೂ ಬಂದಿರಲಿಲ್ಲ.

ಡಾಕ್ಟರು: ಅದೇನು ಹೇಳೋ ಅಂಥ ವಿಷಯಾನಾ?

ಟೀಚರು: ತಗಡಿಗೆ ಬಡಿದದ್ದು ವಕೀಲರದೇ ಅಂತ ಯಾರು ಹೇಳಿದ್ರು?

ಡಾಕ್ಟರು: ಅವನು ಯಾವಾಗಲೂ ಬಲಕ್ಕೇ ಹೊಡೆಯೋದು!

ಟೀಚರು ಬಲಗಡೆಯ ಪೊದೆಯತ್ತ ಒಂದು ಸಲ ನೋಡಿದರು. ಹಾರಿಹೋಗಿದ್ದ ಹಕ್ಕಿಗಳು ವಾಪಸ್ಸು ಬಂದು ಕೂರುತ್ತಿದ್ದವು.

ಡಾಕ್ಟರು: ಹಾಗೆ ನೋಡ್ಬೇಡ. ಇವತ್ತಿಂದು ಗಾಳಿ.

ಟೀಚರು: ನಾನೇನಾದ್ರೂ ಅಂದ್ನಾ? ಬನ್ನಿ, ಮೇಸ್ತ್ರಿಯನ್ನ ನೋಡೋಣ.

ಗುಡ್ಡದ ಮೈಗೆ ಕಲ್ಲಿನ ಮೆಟ್ಟಿಲು ಕಡಿದಿದ್ದರು. ಟೀಚರು ಒಂದೊಂದನ್ನೂ ಎಣಿಸುತ್ತ, ಅಡ್ಡಡ್ಡ ಕಾಲಿಡುತ್ತ ಇಳಿದರು. ನೂರ ಇಪ್ಪತ್ತಾರನೆಯದರಲ್ಲಿ ಡಾಕ್ಟರು ಏನೋ ಹೇಳಲು ಹೋಗಿ ಎಣಿಕೆ ತಪ್ಪಿಸಿದರು. ಅದಕ್ಕೊಂದು ಜಗಳವಾಯಿತು. ಕೆಳಗೆ ಮೇಸ್ತ್ರಿ ಮಂಡಿಯೂರಿ ಕೂತು, ಉದ್ದ ಹಿಡಿಕೆಯ ಕೊಳವೆಯಂಥ ಸಲಕರಣೆಯಿಂದ ಹುಲ್ಲಿನಲ್ಲಿ ದುಂಡಗೆ ಹೊಸ ಕುಳಿ ಕೊರೆಯುತ್ತಿದ್ದರು. ನೆತ್ತಿ ಬೆಳ್ಳಗಾದ, ಮಾತು ಕಡಿಮೆಯ ಮನುಷ್ಯ.

ಟೀಚರು: ಇದೇನು, ಇನ್ನೊಂದು ಕುಳಿ?

ಮೇಸ್ತ್ರಿ: ದಿನಾ ಜಾಗ ಬದಲಾಯಿಸ್ತೀವಿ ಅಮ್ಮಾ. ಒಂದೇ ಕಡೆ ತುಳಿದ್ರೆ ಹುಲ್ಲು ಸಾಯುತ್ತೆ. ಹೊಸದು ಕೊರೆದು ಹಳೇದನ್ನ ಮುಚ್ತೀವಿ.

ಟೀಚರು: ಹಾಗಾದ್ರೆ ಇವರು ಚೆಂಡು ಹಾಕಿದ ಕುಳಿ?

ಮೇಸ್ತ್ರಿ: ಅದನ್ನ ಮುಚ್ಚಿ ಹನ್ನೊಂದು ವರ್ಷ ಆಯ್ತು.

ಟೀಚರು: ರೀ, ನೀವು ನನಗೆ ತೋರಿಸಬೇಕು ಅಂತ ಕರ್ಕೊಂಡು ಬಂದ ಕುಳಿ ಇಲ್ಲವಂತೆ.

ಡಾಕ್ಟರು: ಜಾಗ ಇದೇ ಅಲ್ವಾ! ಮೇಸ್ತ್ರಿ, ಅವಳ ಮಾತಿಗೆ ಕಿವಿ ಕೊಡ್ಬೇಡಿ. ಆ ದಿನ ನಿಮಗೆ ಜ್ಞಾಪಕ ಇದೆ ತಾನೇ?

ಮೇಸ್ತ್ರಿ: ಇಲ್ಲದೆ ಏನು ಡಾಕ್ಟ್ರೇ. ಓಡಿ ಬಂದೋರೇ ನನ್ನನ್ನ ತಬ್ಬಿಕೊಂಡು ಎತ್ತಿಬಿಟ್ರಿ. ಕೈಯಲ್ಲಿದ್ದ ಕುಡುಗೋಲು ನಿಮಗೆ ತಾಗದೆ ಇದ್ದದ್ದೇ ಪುಣ್ಯ.

ಡಾಕ್ಟರು: (ಹೆಂಡತಿಗೆ) ಕೇಳಿಸ್ತಾ? (ಮೇಸ್ತ್ರಿಗೆ) ಹಾಗಾದ್ರೆ ಇಲ್ಲೊಂದು ಸಹಿ ಹಾಕಿ.

ಮೇಸ್ತ್ರಿ ಕೈ ಒರೆಸಿಕೊಂಡು ಫಾರಂ ತೆಗೆದುಕೊಂಡರು. ದೂರ ಹಿಡಿದು ಓದಿದರು. ಹತ್ತಿರ ಹಿಡಿದು ಇನ್ನೊಮ್ಮೆ ಓದಿದರು. ಆಮೇಲೆ ಹಾಗೇ ಮಡಚಿ ವಾಪಸ್ಸು ಕೊಟ್ಟರು.

ಮೇಸ್ತ್ರಿ: ಹೆಸರು ತಪ್ಪಾಗಿದೆ.

ಡಾಕ್ಟರು: ಎಲ್ಲಿ? ಒತ್ತಕ್ಷರ ಬಿಟ್ಟಿದ್ದೀನಾ?

ಮೇಸ್ತ್ರಿ: ಒತ್ತಕ್ಷರ ಸರಿಯಾಗಿದೆ. ಹೆಸರೇ ತಪ್ಪು.

ಡಾಕ್ಟರು: ನನ್ನ ಹೆಸರು ನನಗೆ ಗೊತ್ತಿಲ್ವಾ?

ಮೇಸ್ತ್ರಿ: ನಿಮಗೆ ನಿಮ್ಮ ಹೆಸರು ಗೊತ್ತು. ಚೆಂಡಿನ ವಿಷಯ ಗೊತ್ತಿಲ್ಲ. ನನ್ನ ಬೆನ್ನಿಗೆ ಬಿಸಿಲಿತ್ತು ಡಾಕ್ಟ್ರೇ. ಮೇಲೆ ನಿಂತಿದ್ದ ನೀವಿಬ್ಬರೂ, ಹಾರಿ ಬರ್ತಿದ್ದ ಎರಡು ಚೆಂಡೂ ನನಗೆ ಚೆನ್ನಾಗಿ ಕಾಣ್ತಿತ್ತು. ನಿಮ್ಮದು ಹೋಗಿ ತಗಡಿಗೆ ಬಡೀತು, ಜಾರಿ ಕೊಳಕ್ಕೆ ಬಿತ್ತು. ಇಲ್ಲಿ ಬಿದ್ದು, ಎರಡು ಸಲ ಪುಟಿದು ಕುಳಿಗೆ ಇಳಿದದ್ದು ವಕೀಲರದು.

ಪಂಪ್‌ಶೆಡ್ಡಿನೊಳಗೆ ಮೋಟಾರು ಗುಂಯ್ ಅನ್ನುತ್ತಿತ್ತು.

ಡಾಕ್ಟರು: ಹನ್ನೊಂದು ವರ್ಷ ಯಾಕೆ ಹೇಳಲಿಲ್ಲ?

ಮೇಸ್ತ್ರಿ: ಆವತ್ತು ವಕೀಲರ ಕಡೆ ಕೈ ತೋರಿಸಿ, ಅವರದು ಅಂತ ಹೇಳೋಕೆ ಬಾಯಿ ತೆರೆದೆ. ನಿಮ್ಮ ಬೆನ್ನ ಹಿಂದೆ ವಕೀಲರು ತುಟಿ ಮೇಲೆ ಬೆರಳಿಟ್ಟುಕೊಂಡು ನಿಂತಿದ್ರು. ಆಟ ಅವರದು, ಅವರೇ ಬೇಡ ಅಂದ್ಮೇಲೆ ನಂದೇನು ಅಂತ ಸುಮ್ಮನಾದೆ. ಆದ್ರೆ ಸುಳ್ಳಿಗೆ ಸಹಿ ಹಾಕು ಅಂದ್ರೆ ಆಗಲ್ಲ. ತಪ್ಪು ತಿಳ್ಕೋಬೇಡಿ.

ಟೀಚರು: ಅಂದ್ರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು, ವಾರವಾರ ನಾನು ಧೂಳು ಒರೆಸ್ತಿರೋದು ವಕೀಲರ ಚೆಂಡಾ?

ಡಾಕ್ಟರು ನಗಲಿಲ್ಲ. ಹುಲ್ಲಿನ ದಿಬ್ಬದ ಮೇಲೆ ಕೂತರು. ಬಲಗೈ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಟೀಚರ ಮುಖದಲ್ಲಿದ್ದ ತಮಾಷೆ ಇಳಿದುಹೋಯಿತು. ಆ ಕೈಯ ಕಥೆ ಅವರಿಗೆ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಅದು ನಡುಗಲು ಶುರುವಾಗಿತ್ತು. ಪರೀಕ್ಷೆ ಮಾಡಿದವರೆಲ್ಲ ಏನೂ ತೊಂದರೆಯಿಲ್ಲ ಅಂದರೂ, ಇನ್ನು ತಾನು ಹಲ್ಲು ಕೀಳಲಾರೆ, ಕ್ಲಿನಿಕ್ಕು ಮುಚ್ಚುತ್ತೇನೆ ಅಂತ ಡಾಕ್ಟರು ಎರಡು ತಿಂಗಳು ಸರಿಯಾಗಿ ಊಟ ಮಾಡಿರಲಿಲ್ಲ. ಈ ಕುಳಿಯ ಸುದ್ದಿ ಹೊತ್ತು ಮನೆಗೆ ಬಂದ ದಿನವೇ ಅವರು ಮತ್ತೆ ನಕ್ಕದ್ದು.

ಡಾಕ್ಟರು: ಫೋನು ಕೊಡು.

ಟೀಚರು: ಬೈಬೇಡಿ.

ಡಾಕ್ಟರು: ಫೋನು ಕೊಡು ಅಂದೆ.

ಕಿವಿ ಸ್ವಲ್ಪ ಮಂದವಾದ್ದರಿಂದ ಡಾಕ್ಟರು ಫೋನನ್ನು ಯಾವಾಗಲೂ ಎಲ್ಲರಿಗೂ ಕೇಳುವ ಹಾಗೆ ಇಟ್ಟೇ ಮಾತಾಡುತ್ತಿದ್ದರು.

ವಕೀಲರು: (ಫೋನಿನಲ್ಲಿ) ಲೋ, ಇವತ್ತು ಖಂಡಿತ ಸಹಿ ಹಾಕ್ತಿದ್ದೆ ಕಣೋ, ಆದ್ರೆ ಬಲಗೈ ಹೆಬ್ಬೆರಳು ಬಾಗಿಲಿಗೆ ಸಿಕ್ಕಿ...

ಡಾಕ್ಟರು: ನಾನು ಏಳನೇ ಕುಳಿಯ ಹತ್ರ ಇದ್ದೀನಿ. ಮೇಸ್ತ್ರಿ ಎಲ್ಲ ಹೇಳಿದ್ರು.

ಅತ್ತ ಕಡೆ ಕುರ್ಚಿ ಎಳೆದ ಸದ್ದು.

ವಕೀಲರು: ಎಲ್ಲ ಅಂದ್ರೆ?

ಡಾಕ್ಟರು: ತುಟಿ ಮೇಲೆ ಬೆರಳಿಟ್ಟದ್ದೂ ಸೇರಿ. ಯಾಕೋ ಹೀಗೆ ಮಾಡಿದೆ? ಜನ್ಮಕ್ಕೊಂದು ಸಲ ಬೀಳೋ ಏಟು. ಅದನ್ನ ನನ್ನ ತಲೆಗೆ ಕಟ್ಟಿ, ನಾನು ಊರೆಲ್ಲ ಕೊಚ್ಚಿಕೊಳ್ತಿದ್ರೆ ಪಕ್ಕದಲ್ಲಿ ಕೂತು ಹೂಂಗುಟ್ಟಿದೀಯಲ್ಲೋ!

ವಕೀಲರು: ಏನ್ಮಾಡ್ಲಿ? ಎರಡು ತಿಂಗಳಿಂದ ನೀನು ಮುಖ ಒಣಗಿಸ್ಕೊಂಡಿದ್ದೆ. ನಿನ್ನ ಕೈ ಮೇಲೆ ನಿನಗೇ ನಂಬಿಕೆ ಹೋಗಿತ್ತು. ಆವತ್ತು ಕುಳಿಯಿಂದ ಚೆಂಡು ಎತ್ತಿ 'ನೋಡೋ, ನನ್ನ ಕೈ!' ಅಂತ ಕೂಗಿದೆ. ಇಲ್ಲ ಕಣೋ, ಅದು ನನ್ನ ಕೈ ಅಂತ ಹೇಳೋಕೆ ನಾಲಿಗೆ ಹೊರಳುತ್ತಾ?

ಡಾಕ್ಟರು: ನನಗೋಸ್ಕರ ಮಾಡಿದೆ ಅನ್ನು.

ವಕೀಲರು: ಪೂರ್ತಿ ನಿನಗೋಸ್ಕರ ಅಂದ್ರೆ ಸುಳ್ಳಾಗುತ್ತೆ. ಮರುದಿನ ಬೆಳಿಗ್ಗೆ ನನ್ನ ದವಡೆಹಲ್ಲು ಕೀಳೋದಿತ್ತು. ಕೀಳೋನು ನೀನು. ನಂಬಿಕೆ ಇಲ್ಲದ ಕೈ ನನ್ನ ಬಾಯೊಳಗೆ ಬರೋದು ಬೇಡ ಅನ್ನಿಸ್ತು.

ಟೀಚರು ಮುಖ ಆ ಕಡೆ ತಿರುಗಿಸಿ ನಕ್ಕರು. ಮೇಸ್ತ್ರಿಯೂ ಹುಲ್ಲು ನೋಡುತ್ತ ನಕ್ಕರು. ಡಾಕ್ಟರು ಮಾತ್ರ ಫೋನನ್ನು ಮಂಡಿಯ ಮೇಲಿಟ್ಟು ಹೆಂಡತಿಯ ಕಡೆ ತಿರುಗಿದರು.

ಡಾಕ್ಟರು: ಒಂದು ಸುಳ್ಳನ್ನ ನಂಬ್ಕೊಂಡು, ನಿವೃತ್ತಿ ಆಗೋ ತನಕ ಒಂಬತ್ತು ವರ್ಷ ಕ್ಲಿನಿಕ್ಕು ನಡೆಸಿದ್ನಲ್ಲೇ.

ಟೀಚರು: (ಪಕ್ಕದಲ್ಲಿ ಕೂತು) ವಕೀಲರ ಹಲ್ಲು ಕಿತ್ತದ್ದು ಯಾರ ಕೈ?

ಡಾಕ್ಟರು: ನಂದೇ.

ಟೀಚರು: ಆಮೇಲೆ ಒಂಬತ್ತು ವರ್ಷ ಬಂದವರದ್ದೆಲ್ಲ?

ಡಾಕ್ಟರು: ನಂದೇ ಕಣೆ.

ಟೀಚರು: ನಡುಗಿತಾ?

ಡಾಕ್ಟರು: ಒಂದು ಸಲವೂ ಇಲ್ಲ.

ಟೀಚರು: ಹಾಗಾದ್ರೆ ಒಂದು ಚೆಂಡು ಅವರದು. ಮಿಕ್ಕದ್ದೆಲ್ಲ ನಿಮ್ಮದು. ಲೆಕ್ಕ ಸರಿಯಾಗಿದೆಯಲ್ಲ, ಏಳಿ.

ಡಾಕ್ಟರು ಎದ್ದರು. ಜೇಬಿನಿಂದ ಪೆನ್ನು ತೆಗೆದು, ಹೆಂಡತಿಯ ಬೆನ್ನನ್ನೇ ಮೇಜು ಮಾಡಿಕೊಂಡು, ಫಾರಂನಲ್ಲಿದ್ದ ತಮ್ಮ ಹೆಸರಿನ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ ವಕೀಲರ ಹೆಸರು ಬರೆದರು. ಬರೆಯುವಾಗ ಕೈ ಸ್ಥಿರವಾಗಿತ್ತು. ಅದನ್ನು ಟೀಚರು ಬೆನ್ನಿನಲ್ಲೇ ತಿಳಿದುಕೊಂಡರು.

ಟೀಚರು: ಅಕ್ಷರ ದುಂಡಗೆ ಬರೆಯಿರಿ. ಬೋರ್ಡಿನ ಮೇಲೆ ತಪ್ಪಾಗಿ ಬಂದೀತು.

ವಕೀಲರು: (ಫೋನಿನಲ್ಲಿ) ಬೋರ್ಡಿನ ಮೇಲಾ? ಏನ್ ಬರೀತಿದ್ದಾನೆ ಅವನು?

ಡಾಕ್ಟರು: ನಿನ್ನ ಹೆಸರು ಕಣೋ. ಮೇಸ್ತ್ರಿ ಸಹಿ ಹಾಕ್ತಿದ್ದಾರೆ. ಹೋಗ್ತಾ ಕ್ಲಬ್ಬಿನ ಆಫೀಸಿಗೆ ಕೊಟ್ಟು ಹೋಗ್ತೀನಿ.

ವಕೀಲರು: ಬೇಡ! ನಿಲ್ಲಿಸೋ, ದಮ್ಮಯ್ಯ!

ಡಾಕ್ಟರು: ದೊಡ್ಡ ಮನಸ್ಸು ಸಾಕು. ಇನ್ನು ನಿನ್ನದು ನಿನಗೆ ಸೇರಲಿ.

ವಕೀಲರು: ದೊಡ್ಡ ಮನಸ್ಸೂ ಇಲ್ಲ ಏನೂ ಇಲ್ಲ ಕಣೋ! ಬೋರ್ಡಿನಲ್ಲಿ ತಾರೀಖು ಬರೀತಾರಾ?

ಮೇಸ್ತ್ರಿ: (ಸಹಿ ಮುಗಿಸಿ) ಹೆಸರಿನ ಪಕ್ಕದಲ್ಲೇ ತಾರೀಖು ಬರುತ್ತೆ.

ವಕೀಲರು: ಸತ್ತೆ! ಆವತ್ತು ನನ್ನ ಹೆಂಡತಿಯ ಅಣ್ಣ ಮನೆ ಬದಲಾಯಿಸ್ತಿದ್ದ. ಸಾಮಾನು ಎತ್ತೋಕೆ ಬಾ ಅಂದಿದ್ದ. ಕೋರ್ಟಿನಲ್ಲಿ ಭಾರೀ ಕೇಸಿದೆ, ಅಲ್ಲಾಡೋ ಹಾಗಿಲ್ಲ ಅಂತ ಹೇಳಿ ನಿನ್ನ ಜೊತೆ ಆಡೋಕೆ ಬಂದಿದ್ದೆ. ಕೊನೇ ಗಾಡಿ ಹೊರಡೋ ಹೊತ್ತಿಗೆ ಕೇಸು ಸೋತವನ ಮುಖ ಹೊತ್ತುಕೊಂಡು ಅಲ್ಲಿ ಹೋಗಿ ನಿಂತೆ. ಅಷ್ಟರಲ್ಲಿ ಅವನು ಒಬ್ಬನೇ ಕಬ್ಬಿಣದ ಬೀರು ಎತ್ತೋಕೆ ಹೋಗಿ ಸೊಂಟ ಉಳುಕಿಸಿಕೊಂಡಿದ್ದ. ಇವತ್ತಿಗೂ ಅವನ ಸೊಂಟ ನೆಟ್ಟಗಾಗಿಲ್ಲ!

ಟೀಚರು: ಇದನ್ನೆಲ್ಲ ಇಷ್ಟು ಜೋರಾಗಿ ಹೇಳ್ತಿದ್ದೀರಲ್ಲ, ಮನೆಯಲ್ಲಿ ಅವರಿಲ್ವಾ?

ವಕೀಲರು: ಸ್ನಾನಕ್ಕೆ ಹೋಗಿದ್ದಾಳೆ ಟೀಚರೇ. ನೀರಿನ ಸದ್ದಿನಲ್ಲಿ ಏನೂ...

ಮಾತು ಅಲ್ಲಿಗೇ ನಿಂತಿತು. ಫೋನಿನಲ್ಲಿ ಏನೋ ಸರಿದಾಡಿದ ಸದ್ದು. ಆಮೇಲೆ ಇನ್ನೊಂದು ದನಿ ಬಂತು, ಬಹಳ ಮೆತ್ತಗೆ, ಬಹಳ ನಿಧಾನವಾಗಿ.

ವಕೀಲರ ಹೆಂಡತಿ: ಟೀಚರೇ, ಆ ಬೋರ್ಡು ಯಾವತ್ತು ನಿಲ್ಲಿಸ್ತಾರೋ ತಿಳಿಸಿ, ನಮ್ಮಣ್ಣನನ್ನೂ ಕರ್ಕೊಂಡು ಬರ್ತೀನಿ. ತಾರೀಖು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆಸಿ. ಅವನಿಗೆ ಈಗ ಬಗ್ಗಿ ನೋಡೋಕಾಗಲ್ಲ.